ಒಂದು ಸಾಲು ಕೆಳಗೆ

ಮಧುಕರನಿಗೆ ಮರೆವು ಜಾಸ್ತಿ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯ ಐದು ಅಂಗಡಿಗಳ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದ ಅವನು, ಯಾರು ಎಂಥವರೆಂದು ನೆನಪಿರಲಿ ಅಂತ ವೆಬ್ ವಿಳಾಸಗಳ ಡೊಮೈನ್ ದಾಖಲೆಯಲ್ಲಿ ಪ್ರತಿ ಅಂಗಡಿಯ ಹೆಸರಿನ ಪಕ್ಕ ಒಂದೊಂದು ಟಿಪ್ಪಣಿ ಬರೆದಿಟ್ಟಿದ್ದ. ಆ ಖಾನೆಯನ್ನು ಲೋಕದಲ್ಲಿ ಯಾರೂ ಓದುವುದಿಲ್ಲ ಎಂಬುದು ಅವನ ನಂಬಿಕೆ. ಎಂಟು ವರ್ಷ ಅದು ನಿಜವೂ ಆಗಿತ್ತು.

ತೊಂದರೆ ತಂದವರು ಅಂಗಡಿಯವರ ಸಂಘದ ಕಾರ್ಯದರ್ಶಿ, ಅತ್ತರಿನ ಚಾಂದ್ ಪಾಷಾ. ಹೆಸರು ನೋಂದಾಯಿಸಿದ್ದ ಕಂಪನಿ ಕಳೆದ ವರ್ಷ ಇವರ ವೆಬ್ ವಿಳಾಸವನ್ನು ಒಂದು ವಾರ ಯಾವುದೋ ಕೋಳಿ ಫಾರಂನವರಿಗೆ ಕೊಟ್ಟುಬಿಟ್ಟಿತ್ತು. ಅತ್ತರು ಹುಡುಕಿದವರಿಗೆಲ್ಲ ಮೊಟ್ಟೆ ಕಾಣಿಸಿತ್ತು. ಆ ಅವಮಾನ ಅವರಿಗಿನ್ನೂ ಆರಿರಲಿಲ್ಲ.

"ವೆಬ್ ಹೆಸರು ಬರೆದಿಡೋಕೆ ಮಾಲೀಕನೇ ಇಲ್ಲದ ಪುಸ್ತಕ ಬಂದಿದೆಯಂತೆ ಭಾಯ್. ಐದೂ ಅಂಗಡಿ ಕಂಪ್ಯೂಟರಲ್ಲಿ ಒಂದೊಂದು ಕಾಪಿ ಇರುತ್ತೆ. ಯಾರೂ ಕಿತ್ಕೊಳ್ಳೋಕಾಗಲ್ಲ. ಹಳೇ ದಾಖಲೆ ಎಲ್ಲಾ ಅದಕ್ಕೆ ಹಾಕ್ಬಿಡಿ."

"ಒಂದ್ಸಲ ಹಾಕಿದ್ರೆ ಅಳಿಸೋದು ಕಷ್ಟ ಪಾಷಾ ಸಾಬ್. ಒಂದಕ್ಷರ ಬದಲಾಯಿಸೋಕೂ ಐದು ಜನಾನೂ ತಂತಮ್ಮ ಕಂಪ್ಯೂಟರಲ್ಲಿ ಒಪ್ಪಿಗೆ ಒತ್ತಬೇಕು."

"ಅಳಿಸೋದು ಯಾಕೆ? ನಾವೇನು ಕಳ್ಳರಾ?"

ಸೋಮವಾರ ಬೆಳಿಗ್ಗೆ ಮಧುಕರ ಬೈಯಪ್ಪನಹಳ್ಳಿಯ ತನ್ನ ರೂಮಿನಲ್ಲಿ ಕೂತು ಹಳೆಯ ದಾಖಲೆಗಳನ್ನೆಲ್ಲ ಹೊಸ ಪುಸ್ತಕಕ್ಕೆ ಸಾಗಿಸಿದ. ಐದೂ ಅಂಗಡಿಯವರು ಒಪ್ಪಿಗೆ ಒತ್ತಿದರು. ಹಲ್ಲುಜ್ಜಿ ಬರುವಷ್ಟರಲ್ಲಿ ಫೋನಿನಲ್ಲಿ ಹದಿನೇಳು ಕರೆಗಳು ತಪ್ಪಿಹೋಗಿದ್ದವು.

ಆಟೋ ಹಿಡಿದು ಓಡಿದ. ಗಲ್ಲಿಯವರೆಲ್ಲ ಅತ್ತರಿನ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಸೇರಿದ್ದರು. ಹೊಸ ಪುಸ್ತಕ ಟಿಪ್ಪಣಿಗಳನ್ನು ಮುಚ್ಚಿಡುವ ಜಾತಿಯದ್ದಲ್ಲ. ಪ್ರತಿ ಹೆಸರಿನ ಕೆಳಗೂ ದಪ್ಪಕ್ಷರದಲ್ಲಿ ಮೆರೆಸಿತ್ತು.

ಮೊದಲನೆಯವರು ಬಳೆ ಅಂಗಡಿಯ ಕಮರುನ್ನೀಸಾ. ಅವರ ಹೆಸರಿನ ಕೆಳಗೆ, "ಕೂತಲ್ಲೇ ಗೊರಕೆ. ಗಿರಾಕಿ ಬಂದರೂ ನಿಲ್ಲುವುದಿಲ್ಲ."

"ನಾನು ಹಗಲು ಕಣ್ಣು ಮುಚ್ಚಿದ್ದು ಯಾರಾದ್ರೂ ನೋಡಿದೀರಾ?" ಎಂದರು ಕಮರುನ್ನೀಸಾ. ಯಾರೂ ನೋಡಿರಲಿಲ್ಲ.

ಎರಡನೆಯವರು ಪರದೆ ಬಟ್ಟೆಯ ಕಲೀಮುಲ್ಲಾ. "ಕಿವುಡರಂತೆ ನಟಿಸುತ್ತಾರೆ. ಬೈದರೆ ಮಾತ್ರ ಕೇಳಿಸುತ್ತದೆ." ಪಕ್ಕದ ಬೀದಿಯ ಪಿಸುಮಾತೂ ಕೇಳಿಸುವ ಕಿವಿ ಅವರದು. ಮೂರನೆಯವರು ಚಾಂದ್ ಪಾಷಾ. "ಚಹಾ ಕುಡಿಸುತ್ತೇನೆಂದು ಕರೆದು, ಚಹಾ ತರಲು ನಮ್ಮನ್ನೇ ಕಳಿಸುತ್ತಾರೆ." ದಿನಕ್ಕೆ ಮೂರು ಸಲ ಗಲ್ಲಿಗೆಲ್ಲ ಚಹಾ ಕುಡಿಸುವವರು ಅವರೇ.

ನಾಲ್ಕನೆಯವಳು ಗಡಿಯಾರ ರಿಪೇರಿಯ ಬೃಂದಾ, ಇಪ್ಪತ್ತಾರರ ಹುಡುಗಿ. "ತಲೆಗೆ ಬಣ್ಣ ಹಚ್ಚುತ್ತಾರೆ, ಮೀಸೆಗೆ ಮರೆಯುತ್ತಾರೆ." ಇದನ್ನು ಓದುವಾಗ ಚಾಂದ್ ಪಾಷಾರಿಗೆ ಯಾಕೋ ಕೆಮ್ಮು ಬಂತು.

ಕೊನೆಯವರು ಪಾತ್ರೆ ಅಂಗಡಿಯ ಮುನಿರಾಜಪ್ಪ. "ಇವರು ತಲೆಯೆತ್ತಿ ನಕ್ಕರೆ ಬಂದ ಕೆಲಸವೇ ಮರೆತುಹೋಗುತ್ತದೆ. ಹೇಳಲು ಧೈರ್ಯವಿಲ್ಲ."

ಮುನಿರಾಜಪ್ಪ ಮಧುಕರನನ್ನು ಮೂಲೆಗೆ ಕರೆದೊಯ್ದರು. "ಯಾರಪ್ಪಾ ಇದು? ನಂಗೆ ಅರವತ್ತನಾಲ್ಕು. ನನ್ ಹೆಂಡ್ತಿ ಪಿಳ್ಳಮ್ಮಂಗೆ ಗೊತ್ತಾದ್ರೆ ಮನೆಗೆ ಸೇರಿಸಲ್ಲ." ಹಾಗೆ ಹೇಳುತ್ತಲೇ ಅಂಗಿಯ ಕಾಲರು ಸರಿಮಾಡಿಕೊಂಡರು.

ಮಧುಕರನಿಗೆ ಅರ್ಥವಾಗಿತ್ತು. ಸಾಗಿಸುವಾಗ ಟಿಪ್ಪಣಿಗಳೆಲ್ಲ ಒಂದು ಸಾಲು ಕೆಳಗೆ ಜಾರಿದ್ದವು, ಕೊನೆಯದು ಸುತ್ತಿಕೊಂಡು ಮೊದಲಿಗೆ ಬಂದಿತ್ತು. ಒಬ್ಬರ ಗುಟ್ಟು ಇನ್ನೊಬ್ಬರ ತಲೆಗೆ. ಬದುಕಿದೆ ಅಂದುಕೊಂಡ.

"ಒಂದೂ ನಿಜ ಇಲ್ಲವಲ್ಲ," ಎಂದರು ಕಲೀಮುಲ್ಲಾ. "ವೈರಸ್ ಇರ್ಬೇಕು."

"ವೈರಸ್ಸೇ," ಎಂದ ಮಧುಕರ. "ಎಲ್ಲರೂ ಅಂಗಡಿಗೆ ಹೋಗಿ ಕೂತ್ಕೊಳ್ಳಿ. ಸ್ಕ್ರೀನ್ ಮೇಲೆ ಒಂದು ಡಬ್ಬಿ ಬರುತ್ತೆ. ಓದೋದೇನೂ ಬೇಡ, ಒಪ್ಪಿಗೆ ಒತ್ತಿ. ಎಲ್ಲಾ ಸರಿಹೋಗುತ್ತೆ."

ನಾಲ್ವರು ಹೋಗಿ ಕೂತರು. ಬೃಂದಾ ಒಪ್ಪಲಿಲ್ಲ. ಮಧುಕರ ಅವಳ ಅಂಗಡಿಗೇ ಹೋಗಬೇಕಾಯಿತು. ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆಯೇ ಅವಳು ಕೇಳಿದಳು. "ಮೀಸೆ ಅಂತ ಬರೆದಿದ್ದು ಯಾರು? ಹೇಳೋವರೆಗೂ ನಾನು ಏನೂ ಒತ್ತಲ್ಲ."

"ವೈರಸ್ಸು..."

"ವೈರಸ್ಸಿಗೆ ಇಷ್ಟು ಚೆನ್ನಾಗಿ ಕನ್ನಡ ಬರುತ್ತಾ?"

ಎಂಟು ವರ್ಷದಲ್ಲಿ ಅವಳು ಅವನೊಂದಿಗೆ ಇಷ್ಟು ಹೊತ್ತು ಮಾತಾಡಿದ್ದು ಇದೇ ಮೊದಲು. ಅವಳು ತನ್ನನ್ನು ಕೆಟ್ಟವನೆಂದು ತಿಳಿಯುವುದನ್ನಂತೂ ಅವನಿಂದ ಸಹಿಸಲಾಗಲಿಲ್ಲ.

"ನಾನೇ ಬರೆದಿದ್ದು. ಆದ್ರೆ ಅದು ನಿಮ್ಮ ಬಗ್ಗೆ ಅಲ್ಲ ಬೃಂದಾ ಅವ್ರೆ. ಎಲ್ಲಾ ಒಂದು ಸಾಲು ಕೆಳಗೆ ಜಾರಿದೆ. ನಿಮ್ದು... ಮುನಿರಾಜಣ್ಣಂಗೆ ಹೋಗಿದೆ."

ಬೃಂದಾ ಆ ಸಾಲನ್ನು ಮತ್ತೆ ಓದಿದಳು. ಭೂತಗನ್ನಡಿ ತೆಗೆದಿಟ್ಟಳು. ನಕ್ಕಳು. ಮಧುಕರನಿಗೆ ತಾನು ಅಲ್ಲಿಗೆ ಯಾಕೆ ಬಂದೆನೆಂಬುದೇ ಮರೆತುಹೋಯಿತು.

"ಹಾಗಾದ್ರೆ ಒಂದು ಸಾಲು ಮೇಲಕ್ಕೆ ಸರಿಸಿದ್ರೆ ಆಯ್ತು, ಅಲ್ವಾ?" ಎನ್ನುತ್ತಾ ಅವಳು ಕೀಲಿಮಣೆಯ ಮೇಲೆ ಬೆರಳಾಡಿಸಿ, ತನ್ನ ಒಪ್ಪಿಗೆಯನ್ನೂ ಒತ್ತಿದಳು. ಎಂಟನೇ ಕ್ಲಾಸಿನಿಂದ ಗಡಿಯಾರದ ಮುಳ್ಳು ಸರಿಪಡಿಸುತ್ತಾ ಬಂದವಳು. ತಪ್ಪು ಜಾಗದಲ್ಲಿರುವುದನ್ನು ಹಾಗೇ ಬಿಡುವುದು ಅವಳಿಂದಾಗದು.

ಟಿಂಗ್ ಅಂತು ಅತ್ತರಿನ ಅಂಗಡಿ. ಟಿಂಗ್ ಅಂದವು ಬಳೆ, ಪರದೆ, ಪಾತ್ರೆ. "ಒತ್ತಿದ್ವಿ ಭಾಯ್," ಎಂದು ಚಾಂದ್ ಪಾಷಾ ಕೂಗಿದರು.

"ಅಳಿಸಿದ್ರಾ?" ಮಧುಕರ ಕೇಳಿದ.

"ಅಳಿಸೋದ್ಯಾಕೆ? ಸರಿ ಮಾಡ್ದೆ. ಈಗ ಎಲ್ಲರದ್ದೂ ಅವರವರ ಹೆಸರಿನ ಕೆಳಗೇ ಇದೆ."

ನಾಲ್ಕೂ ಅಂಗಡಿಗಳಲ್ಲಿ ತಲೆಗಳು ಸ್ಕ್ರೀನಿನತ್ತ ಬಾಗಿದವು. ಆಮೇಲೆ ಒಂದೊಂದೇ ಕುರ್ಚಿ ಹಿಂದೆ ಸರಿದ ಸದ್ದು.

"ಬೇಗ ಅಳಿಸೋಣ ಬೃಂದಾ ಅವ್ರೆ, ಕಾಲಿಗೆ ಬೀಳ್ತೀನಿ."

"ಬೇರೆಯವರದ್ದು ಅಳಿಸಿ. ನಂದು ಅಳಿಸೋಕೆ ನಾನು ಒಪ್ಪಲ್ಲ."

ಅರ್ಧ ನಿಮಿಷ ಮಧುಕರ ಶಿವಾಜಿನಗರದಲ್ಲೇ ಅತ್ಯಂತ ಸುಖಿಯಾಗಿದ್ದ.

"ಮುಂದಿನ ತಿಂಗಳು ನನ್ನ ಮದುವೆ," ಎಂದಳು ಬೃಂದಾ. "ಹುಡುಗ ಮಾರತ್ತಹಳ್ಳಿಯವನು. ಮೂರು ವರ್ಷದ ಪರಿಚಯ, ಒಂದಿನ ಇಂಥದ್ದೊಂದು ಮಾತಾಡಿಲ್ಲ. ನೋಡಿ ಕಲೀಲಿ ಅಂತ."

ಹೊರಗೆ ಹೆಜ್ಜೆ ಸದ್ದು ಹತ್ತಿರವಾಯಿತು. ಎಂಟು ಕಾಲುಗಳ ಸದ್ದು.

"ಇಲ್ಲಿ ಹಿಂದಿನ ಬಾಗಿಲು ಇದ್ಯಾ?"

"ಗಡಿಯಾರದ ಅಂಗಡಿಗೆ ಹಿಂದಿನ ಬಾಗಿಲು ಯಾರು ಇಡ್ತಾರೆ?" ಎಂದು ಬೃಂದಾ ಮತ್ತೆ ಭೂತಗನ್ನಡಿ ಸಿಕ್ಕಿಸಿಕೊಂಡಳು.