ಶೇವಂತಿ ಕಾಲೊನಿ ಚೌಕಿಯ ಒಳಚಿಲಕ

ಪೊಲೀಸರಿಗೆ ಆಗುವ ಗಾಯಗಳೆಲ್ಲ ಪೊಲೀಸ್ ಚೌಕಿಯ ಹೊರಗೇ ಆಗುತ್ತವೆ ಎಂಬುದು ಸರ್ಕಾರದ ಮೇಲ್ವಿಚಾರಣಾ ಸಮಿತಿ ಪತ್ತೆಹಚ್ಚಿದ ಸತ್ಯ. ಒಳಗೆ ಕೂತವರಲ್ಲಿ ಒಬ್ಬರಿಗೆ ಮಾತ್ರ ಫ್ಯಾನಿನ ರೆಕ್ಕೆ ತಾಗಿತ್ತು. ಆಗ ಅವರು ಮೇಜಿನ ಮೇಲೆ ನಿಂತಿದ್ದರು. ಆದಕಾರಣ ಸಿಬ್ಬಂದಿಯ ಸುರಕ್ಷತೆಯೇ ಮೊದಲ ಆದ್ಯತೆ, ಸಿಬ್ಬಂದಿ ಹೊರಗೆ ಹೋಗತಕ್ಕದ್ದಲ್ಲ ಎಂದು ಆದೇಶವಾಯಿತು. ಪುಣೆಯ ಕಾತ್ರಜದ ಹತ್ತಿರ ಇರುವ ನಮ್ಮ ಶೇವಂತಿ ಕಾಲೊನಿ ಚೌಕಿಗೆ ವರ್ಷದ ಅನುದಾನವೆಲ್ಲ ಸೇರಿ ಒಂದು ಕಬ್ಬಿಣದ ಜಾಲರಿ ಬಾಗಿಲಾಗಿ ಬಂತು. ಚಿಲಕ ಒಳಗಡೆ ಮಾತ್ರ. ಹೊರಗಡೆ, ಚುಚ್ಚುಮಾತಿನ ಫಲಕಗಳಿಗೆ ಹೆಸರಾದ ಈ ಊರಿನ ಪದ್ಧತಿಯಂತೆ, ಬೋರ್ಡು:

“ಇದು ಪೊಲೀಸ್ ಚೌಕಿ. ಸುಮ್ಮಸುಮ್ಮನೆ ತೊಂದರೆಗೆ ಸಿಲುಕಬೇಡಿ. ಸಿಲುಕಿದ್ದರೆ ಬಾಗಿಲು ಬಡಿಯಬೇಡಿ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಸಿಲುಕಲೇಬೇಡಿ.”

ತಪ್ಪೇನಿದೆ? ಆ ಹೊತ್ತಿಗೆ ಇಲ್ಲಿ ಮಿಠಾಯಿ ಅಂಗಡಿಯವನೂ ಬಾಗಿಲು ಹಾಕಿ ಮಲಗುತ್ತಾನೆ.

ನನಗೆ ಸಿಟ್ಟು ಬಂದದ್ದು ಹೊಟ್ಟೆಯ ಕಾರಣಕ್ಕೆ. ಬೆಳಗಾವಿ ಕಡೆಯ ಸುಲಭಾ ಅವರು ನಮಗೆಲ್ಲ ಜೋಳದ ರೊಟ್ಟಿ, ಎಣ್ಣೆಗಾಯಿಯ ಡಬ್ಬಿ ತಂದುಕೊಡುವವರು. ಸ್ಕೂಟರ್ ಓಡಿದರೆ ಅವರ ಸಂಸಾರ ಓಡುತ್ತದೆ. ಅದನ್ನು ಅವರು, ಭದ್ರವಾಗಿರಲಿ ಎಂದು, ಚೌಕಿಯ ಮುಂದೆಯೇ ನಿಲ್ಲಿಸುತ್ತಿದ್ದರು. ಒಂದು ಬೆಳಿಗ್ಗೆ ಅದು ಇರಲಿಲ್ಲ.

ಜಾಲರಿಯ ಒಳಗೆ ಹವಾಲ್ದಾರ ರಾಘಣ್ಣ ಚಹಾ ಕುಡಿಯುತ್ತಿದ್ದರು. ಗಡಿಯ ಅಕ್ಕಲಕೋಟೆಯ ಕನ್ನಡಿಗರು, ಮಾತಿಗೆ ಮೋಸವಿಲ್ಲ.

“ರಾಘಣ್ಣಾರ, ನನ್ನ ಗಾಡಿ ಯಾರರ ಒಯ್ಯೂದು ನೋಡಿದ್ರೇನ್ರಿ?”

“ಕಣ್ಣಾರೆ ನೋಡೇನ್ರಿ ಅಕ್ಕಾರ. ಹಿಂದಿನ ಗಲ್ಲಿ ಹುಡುಗ, ಅಮೋಘ ಅಂತ.”

“ಮತ್ತ ಹಿಡೀಲಿಲ್ಲ ಯಾಕ್ರಿ?”

“ಹೊರಗ ಕಳ್ಳ ಇದ್ದನಲ್ರೀ! ಬಾಗಲಾ ಹ್ಯಾಂಗ ತೆಗೀಲಿ?”

“ಸುಮ್ಮನ ನೋಡಕೋತ ಕುಂತ್ರಿ?”

“ಛೇ ಛೇ! ಹೆಲ್ಮೆಟ್ ಹಾಕ್ಕೋ ಅಂತ ಜೋರಾಗಿ ಒದರಿದ್ನಿ. ನಿಮ್ಮ ಹೆಲ್ಮೆಟ್ ಕನ್ನಡಿಗೆ ತೂಗತಿತ್ತಲ್ಲ, ಅದನ್ನ ಹಾಕ್ಕೊಂಡು, ನಮಸ್ಕಾರ ಮಾಡಿ ಹ್ವಾದ. ಭಾಳ ಸಂಸ್ಕಾರದ ಹುಡುಗ.”

ಪುಣೆಯಲ್ಲಿ ಹೇಳಿದ ಕೂಡಲೇ ಹೆಲ್ಮೆಟ್ ಹಾಕಿಕೊಂಡ ಸವಾರನೆಂದರೆ ಸಾಮಾನ್ಯವೇ? ಸಮಿತಿ ಸಂತೋಷಪಟ್ಟು ಚೌಕಿಗೆ ಎರಡನೆಯ ಚಿಲಕ ಮಂಜೂರು ಮಾಡಿತು. ಸುಲಭಾ ಅಂಗೈ ಕೆಂಪಾಗುವವರೆಗೆ ಜಾಲರಿ ಬಡಿದರು, ಅತ್ತರು. ಬೋರ್ಡು ಓದಿಲ್ಲವೇ ಎಂದು ಒಳಗಿನಿಂದ ಮೆಲ್ಲಗೆ ಕೇಳಲಾಯಿತು.

ಗಾಡಿ ಇಲ್ಲ, ಡಬ್ಬಿ ಇಲ್ಲ. ನನ್ನ ಉಪವಾಸ ಯಾರಿಗೂ ತಟ್ಟಲಿಲ್ಲ. ಆದರೆ ಚೌಕಿಯ ಊಟವೂ ಸುಲಭಾರ ಡಬ್ಬಿಯದೇ ಆಗಿತ್ತು. ಹೊರಗೆ ಹೋಗಿ ತಿನ್ನುವಂತಿಲ್ಲ. ರಾಘಣ್ಣ ತಲೆತಿರುಗಿ ಬಿದ್ದರು, ಅದೂ ಒಳಗಡೆ! ಸಮಿತಿಯ ಬುಡವೇ ಅಲ್ಲಾಡಿತು. ಅಧ್ಯಕ್ಷೆ ನೀಲಿಮಾ ಮೇಡಂ ಖುದ್ದಾಗಿ ಬಂದು, ಸುರಕ್ಷತೆಯ ದೃಷ್ಟಿಯಿಂದ ಕಾರಿನೊಳಗೇ ಕೂತು, ಗಾಜನ್ನು ಒಂದು ಬೆರಳಿನಷ್ಟು ಇಳಿಸಿ ನಿರ್ಣಯ ಓದಿದರು:

“ಸಿಬ್ಬಂದಿಯ ಸುರಕ್ಷತೆಗೆ ರೊಟ್ಟಿ ಅಗತ್ಯ. ರೊಟ್ಟಿಗೆ ಸ್ಕೂಟರ್ ಅಗತ್ಯ. ಸ್ಕೂಟರ್ ಅಮೋಘ ಅವರ ಬಳಿ ಇದೆ. ಸದರಿಯವರು ಇಷ್ಟು ದಿನ ಹೊರಗಡೆಯೇ ಇದ್ದೂ ಗಾಯಗೊಂಡಿಲ್ಲ, ಹೆಲ್ಮೆಟ್ಟೂ ಹೊಂದಿದ್ದಾರೆ. ಡಬ್ಬಿ ತಲುಪಿಸಲು ಅವರನ್ನು ಹೊರಾಂಗಣ ಸುರಕ್ಷತಾ ಸಹಾಯಕರನ್ನಾಗಿ ನೇಮಿಸಲಾಗಿದೆ.”

“ಗಾಡಿ ನಂದ್ರಿ!” ಎಂದರು ಸುಲಭಾ.

“ಅದನ್ನು ಯಾರೂ ಅಲ್ಲಗಳೆದಿಲ್ಲವಲ್ಲ,” ಎಂದು ಮೇಡಂ ಗಾಜು ಏರಿಸಿದರು.

ಅಮೋಘ ಕೆಲಸಕ್ಕೆ ಸೇರಿದವನೇ ಮನವಿ ಸಲ್ಲಿಸಿದ: ಕಾಲೊನಿಯಲ್ಲಿ ಪೊಲೀಸರು ಓಡಾಡುತ್ತಿಲ್ಲ, ಕಳ್ಳರ ಕಾಟವಿದೆ, ಸ್ಕೂಟರನ್ನು ಹೊರಗೆ ನಿಲ್ಲಿಸಲು ತನಗೆ ಭಯ. ನ್ಯಾಯವಾದ ಮಾತು. ಡಬ್ಬಿ ಹಂಚಿದ ಮೇಲೆ ಸ್ಕೂಟರ್ ಚೌಕಿಯೊಳಗೆ ನಿಲ್ಲಬೇಕೆಂದು ಆದೇಶವಾಯಿತು. ವಾಹನ ಪೊಲೀಸರ ವಶದಲ್ಲಿದೆ ಎಂದು ಸುಲಭಾರ ದೂರನ್ನೂ ಮುಕ್ತಾಯಗೊಳಿಸಲಾಯಿತು.

ಈಗ ಸಂಜೆ ಹಿಟ್ಟಿನ ಚೀಲ ತಲೆಯ ಮೇಲೆ ಹೊತ್ತು ನಡೆದು ಬರುವಾಗ ಸುಲಭಾ ಜಾಲರಿಯ ಮುಂದೆ ಒಂದಿಷ್ಟು ನಿಲ್ಲುತ್ತಾರೆ.

“ನೋಡ್ರಿ ಅಕ್ಕಾರ, ಇನ್ನ ಯಾವ ಮಗನೂ ಕದಿಯಂಗಿಲ್ಲ,” ಎನ್ನುತ್ತಾರೆ ರಾಘಣ್ಣ.

“ಹೌದ್ರಿ. ಸೀಟಿನ ಮ್ಯಾಲೆ ಚಹಾದ ಕಪ್ಪು ಇಡಬ್ಯಾಡ್ರಿ, ಕಲೆ ಬೀಳ್ತದ.”

ರಾಘಣ್ಣ ಕಪ್ಪು ತೆಗೆದು ಒರೆಸುತ್ತಾರೆ. ಮಧ್ಯಾಹ್ನ ಡಬ್ಬಿ ಹಂಚಲು ಹೊರಟ ಅಮೋಘ ಬೀದಿಯಲ್ಲಿ ಹಾರ್ನ್ ಹೊಡೆದರೆ ಸುಲಭಾ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ರೊಟ್ಟಿ ಬಿಸಿಯಾಗಿಯೇ ಬರುತ್ತಿದೆ, ನನ್ನದಂತೂ ಏನೂ ತಕರಾರಿಲ್ಲ.