ಅಸಲಿಯೋ ನಕಲಿಯೋ ಜರ್ಮನಿ ಬಾಕು

ಕೈಯಲ್ಲಿ ಬಾಕು ಹಿಡಿದು ಕನಸು ಕಾಣುವವನನ್ನು ಜನ ಸುಮ್ಮನೆ ಬಿಡುವುದಿಲ್ಲ. ನನ್ನನ್ನಂತೂ ಒಂದು ದಿನವೂ ಬಿಡಲಿಲ್ಲ.

ಎಪ್ಪತ್ತರ ದಶಕದ ಮಾತು. ನನ್ನ ಮನೆ ಚಿತ್ರದುರ್ಗದಲ್ಲಿ. ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯೊಂದರ ಪರವಾಗಿ ನಮ್ಮ ಸೀಮೆಯಲ್ಲಿ ತಿರುಗಿ, ಸಿಕ್ಕ ಸಾಮಾನು ಅಸಲಿಯೋ ನಕಲಿಯೋ ನೋಡಿ ಹೇಳುವುದು ನನ್ನ ಕೆಲಸ. ಆಗ ಅಂಗಡಿಗೆ ಬರುತ್ತಿದ್ದ ಶೋಕಿಯ ಗಿರಾಕಿಗಳಿಗೆಲ್ಲ ಒಂದೇ ಹುಚ್ಚು: ಜರ್ಮನಿಯ ಮಿಲಿಟರಿ ಬಾಕು, ಅದರಲ್ಲೂ ಡಮಾಸ್ಕಸ್ ಅಲಗಿನದು. ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದ ನಮ್ಮ ಕಡೆಯವರ ಪೆಟ್ಟಿಗೆಗಳಲ್ಲಿ ಅಪರೂಪಕ್ಕೆ ಅಂಥದೊಂದು ಮಲಗಿರುತ್ತಿತ್ತು.

ಡಮಾಸ್ಕಸ್ ಅಂದರೆ ಇಷ್ಟೇ. ಗಟ್ಟಿ ಉಕ್ಕು, ಮೆದು ಉಕ್ಕು ಎರಡನ್ನೂ ಪದರ ಪದರ ಸೇರಿಸಿ, ಕಾಯಿಸಿ, ಮಡಚಿ, ಬಡಿದು ಅಲಗು ಮಾಡುತ್ತಾರೆ. ಆಗ ಅದರ ಮೈಯಲ್ಲಿ ನೀರಿನ ಅಲೆಯಂಥ ಗೆರೆಗಳು ಏಳುತ್ತವೆ. ಕಳ್ಳರು ಸಾದಾ ಉಕ್ಕಿನ ಮೇಲೆ ಆಸಿಡ್ಡಿನಿಂದ ಅದೇ ಗೆರೆ ಬರೆಯುತ್ತಾರೆ. ನಕಲಿಯ ಗೆರೆ ಮೈಮೇಲೆ ಇರುತ್ತದೆ, ಅಸಲಿಯದು ಮೈಯೊಳಗೆ. ನನಗೆ ಗೊತ್ತಿದ್ದ ವಿದ್ಯೆ ಇಷ್ಟೇ. ಆದರೆ ಆ ಗೆರೆಗಳನ್ನು ನೋಡುತ್ತ ಕೂತರೆ ನನಗೆ ಊರು, ಹೊತ್ತು, ಹಸಿವು ಯಾವುದೂ ನೆನಪಿರುತ್ತಿರಲಿಲ್ಲ. ಮೋಡ ನೋಡುತ್ತ ಬಯಲಲ್ಲಿ ಮಲಗಿದ ಹಾಗೆ ಆಗಿಬಿಡುತ್ತಿತ್ತು.

ಹರಿಯಬ್ಬೆಯ ಕಲೆ

ಹರಿಯಬ್ಬೆಯಲ್ಲಿ ಕುರಿ ಸಾಕುವವರ ಮನೆ. ಯಜಮಾನನ ಅಣ್ಣ ಮಿಲಿಟರಿಯಲ್ಲಿದ್ದು ತೀರಿಕೊಂಡಿದ್ದ. ಅವನು ತಂದಿದ್ದ ಬಾಕಿನ ತುಂಬ ಅಲೆ ಅಲೆ ಗೆರೆ ಇವೆ ಅಂತ ಸುದ್ದಿ ಬಂದಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಗೆರೆಗಳನ್ನು ಕಣ್ಣು ಮುಚ್ಚಿಯೇ ನೋಡಿಕೊಂಡು ಹೋದೆ.

ಯಜಮಾನನ ಹೆಂಡತಿ ಬಾಕು ತಂದು ಕೈಗಿಟ್ಟಳು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಗೆರೆ ಒಂದೂ ಇರಲಿಲ್ಲ.

"ಗೆರೆ ಎಲ್ಲಮ್ಮಾ?" ಅಂದೆ.

"ಅಯ್ಯೋ, ಅದರ ತುಂಬ ಕಲೆ ಆಗಿತ್ತು ಕಣಣ್ಣ. ಊರಿಂದ ನೀವು ಬರ್ತೀರಿ, ಹೊಲಸು ಸಾಮಾನು ತೋರ್ಸಕಾಗ್ತೈತಾ? ಬೆಳಿಗ್ಗೆಯಿಂದ ಇಟ್ಟಿಗೆ ಪುಡಿ ಹಾಕಿ ತಿಕ್ಕಿ ತಿಕ್ಕಿ ರಟ್ಟೆ ಬಿದ್ದೋಗೈತೆ!"

ಬಾಕನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಆಮೇಲೆ ಧೈರ್ಯ ತಂದುಕೊಂಡೆ. ಅಸಲಿಯಾಗಿದ್ದರೆ ಗೆರೆ ಎಲ್ಲಿಗೆ ಹೋದೀತು? ಹುಳಿ ತಾಗಿದರೆ ಒಂದು ಉಕ್ಕು ಹೆಚ್ಚು ಕಪ್ಪಾಗುತ್ತದೆ, ಇನ್ನೊಂದು ಕಡಿಮೆ. ಒಂದು ನಿಂಬೆಹಣ್ಣು ಕೇಳಿ ತಗೊಂಡು, ರಸ ಹಚ್ಚಿ, ಜಗಲಿಯ ಮೇಲಿಟ್ಟು ಕಾದೆವು. ಕುರಿಗಳು ಬಂದವು, ಮೂಸಿದವು, ಹೋದವು. ಹೊತ್ತು ಸರಿಯುತ್ತ ಒಂದು ಗೆರೆ ಎದ್ದಿತು, ಅದರ ಪಕ್ಕ ಇನ್ನೊಂದು. ನಿದ್ದೆಯಿಂದ ಯಾರೋ ನಿಧಾನಕ್ಕೆ ಕಣ್ಣು ಬಿಟ್ಟ ಹಾಗೆ, ಅಲಗಿನ ತುಂಬ ಅಲೆಗಳು ಬಂದು ನಿಂತವು. ನನಗೆ ಕಣ್ಣಲ್ಲಿ ನೀರೇ ಬಂತು.

ಆ ತಾಯಿಗೂ ಬಂತು. ತಲೆ ಮೇಲೆ ಕೈ ಹೊತ್ತು ಅಂದಳು: "ಇಷ್ಟು ತಿಕ್ಕಿದ್ರೂ ಮತ್ತೆ ಬಂತಲ್ಲಪ್ಪ! ಇದನ್ನ ಇವತ್ತೇ ತಗಂಡೋಗ್ರಿ, ನನ್ ಕೈಲಿ ದಿನಾ ತಿಕ್ಕಾಕಾಗಲ್ಲ."

ವಾಪಸ್ ಕಳಿಸುವ ವಿಳಾಸ

ಹೊಳಲ್ಕೆರೆಯ ಬಸ್‌ಸ್ಟ್ಯಾಂಡಿನ ಎದುರು ಸೈಕಲ್ ಶಾಪ್ ಇಟ್ಟವನೊಬ್ಬ ಬಾಕು ತೋರಿಸಿದ. "ಜರ್ಮನಿ ಜನರಲ್‌ದು ಸಾ. ಅವನ ಸೊಂಟದಿಂದ ಸೀದಾ ಬಂದಿರೋದು."

ಗೆರೆಗಳು ಚೆನ್ನಾಗಿದ್ದವು, ಸ್ವಲ್ಪ ಜಾಸ್ತಿಯೇ ಚೆನ್ನಾಗಿದ್ದವು. ಆದರೆ ಅಂಚಿನ ಹತ್ತಿರ ಬಂದು ಗೋಡೆ ಕಂಡ ಹಾಗೆ ನಿಂತುಬಿಟ್ಟಿದ್ದವು. ಅಸಲಿ ಪದರದ ಗೆರೆ ಅಂಚು ದಾಟಿ ಆಚೆ ಬದಿಗೂ ಹೊರಳಬೇಕು. ಹಿಡಿಯ ಬುಡದಲ್ಲಿ ದಪ್ಪ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು: ಮೇಡ್ ಇನ್ ಜರ್ಮನಿ.

"ಜರ್ಮನಿ ಜನರಲ್ ತನ್ನ ಬಾಕಿನ ಮೇಲೆ ತನ್ನ ದೇಶದ ಹೆಸರು ಯಾಕೆ ಬರೆಸ್ಕಂತಾನಪ್ಪ?" ಅಂದೆ.

"ಯುದ್ಧ ಅಂದ್ರೆ ಗಲಾಟೆ ಸಾ. ಎಲ್ಲಿಂದ ಬಂದ್ವಿ ಅನ್ನೋದು ಮರ್ತು ಹೋಗ್ತೈತೆ."

"ಸರಿ, ಇಂಗ್ಲಿಷಿನಾಗೆ ಯಾಕೆ?"

ಅವನು ಪಂಕ್ಚರ್ ಹಾಕುತ್ತಿದ್ದ ಟ್ಯೂಬನ್ನು ಪಕ್ಕಕ್ಕಿಟ್ಟು, ನನ್ನ ದಡ್ಡತನಕ್ಕೆ ಮರುಗುವವನ ಹಾಗೆ ನೋಡಿದ.

"ಇಂಗ್ಲಿಷ್‌ನೋರ ಕೈಗೆ ಸಿಕ್ಕಾಕ್ಕಂಡ್ರೆ ಅವರು ಓದ್ಬೇಕಲ್ಲ ಸಾ? ಇಲ್ಲಾಂದ್ರೆ ಆ ಜನರಲ್‌ನ ವಾಪಸ್ ಎಲ್ಲಿಗಂತ ಕಳಿಸ್ತಾರೆ?"

ಕಟ್ಟೆಯ ಮೇಲೆ

ಹಿರಿಯೂರಿನಲ್ಲಿ ಒಬ್ಬರು ನೋಡಿ ಹೇಳಿ ಅಂತ ಒಂದು ಬಾಕು ಕೊಟ್ಟಿದ್ದರು. ಎಷ್ಟು ನೋಡಿದರೂ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಮಾರಿಕಣಿವೆಯ ಅಣೆಕಟ್ಟೆಗೆ ಹೋಗಿ, ಅದರ ಗೋಡೆಗೆ ಬಗ್ಗಿ, ಅಲಗನ್ನು ಆಚೆ ಹಿಡಿದು ಕೆಳಗಿನ ನೀರಿನ ಗೆರೆ, ಉಕ್ಕಿನ ಗೆರೆ ಎರಡನ್ನೂ ನೋಡುತ್ತ ನಿಂತೆ. ಗಾಳಿ ಬೀಸಿದಾಗ ಯಾವುದು ಯಾವುದೆಂದು ತಿಳಿಯದ ಹಾಗಾಯಿತು.

ಕಟ್ಟೆಯ ಕಾವಲುಗಾರನಿಗೆ ಹಿಂದಿನಿಂದ ಬಾಕು ಕಾಣಲಿಲ್ಲ. ಕಂಡದ್ದು ನೀರಿಗೆ ಬಗ್ಗಿದ ನನ್ನ ಬೆನ್ನು ಮಾತ್ರ. ಮೆಲ್ಲಗೆ ಬಂದು ನನ್ನ ಅಂಗಿ ಹಿಡಿದುಕೊಂಡ.

"ಏನ್ ಯೋಚ್ನೆ ಸಾ?"

"ಅಸಲಿನೋ ಮೋಸನೋ ತಿಳೀವಲ್ದು," ಅಂದೆ, ತಿರುಗಿಯೂ ನೋಡದೆ.

"ಓ, ಹಂಗಾ. ಮನೆಗೆ ಬಂದು ಭಾಳ ದಿನ ಆತಾ?"

"ಇನ್ನೂ ಮನೆ ಸೇರಿಸಿಲ್ಲ. ಮೊನ್ನೆ ಹಿರಿಯೂರಿನಾಗೆ ಸಿಕ್ತು."

"ನೋಡಾಕೆ ಹೆಂಗೈತೆ?"

"ನೋಡಾಕೇನೋ ಚೆಂದ. ತೆಳ್ಳಗೆ, ಉದ್ದಕ್ಕೆ, ಫಳಫಳ ಅಂತೈತೆ. ಆದ್ರೆ ವಯಸ್ಸು ಮೂವತ್ತು ದಾಟೈತೆ. ಯಾರ್ಯಾರ ಕೈ ದಾಟಿ ಬಂದೈತೋ ಏನೋ."

"ಶಿವನೇ! ಅಷ್ಟಕ್ಕೆಲ್ಲ ನೀರಿಗೆ ಬೀಳ್ತಾರಾ? ಬಿಟ್ಟುಬಿಡ್ರಿ ಅತ್ಲಾಗೆ."

"ಬಿಡಾಕೆ ಮನಸ್ಸು ಬರವಲ್ದು. ಜರ್ಮನಿದು."

"ಜರ್ಮನಿದಾ?" ಅವನ ಹಿಡಿತ ಸಡಿಲವಾಯಿತು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದ: "ಹಂಗಾದ್ರೆ ಕಣ್ಮುಚ್ಚಿ ಮದ್ವೆ ಆಗ್ರಿ ಸಾ. ನಿಮ್ಮ ಭಾಷೆ ಅದಕ್ಕೆ ಬರಲ್ಲ, ಅದರ ಭಾಷೆ ನಿಮಗೆ ಬರಲ್ಲ. ಜಗಳ ಹೆಂಗಾಗ್ತೈತೆ?"

ಸುಬೇದಾರರ ಯುದ್ಧ

ಹೊಸದುರ್ಗದಲ್ಲಿ ಒಬ್ಬರು ಇದ್ದರು. ಊರೆಲ್ಲ ಅವರನ್ನು ಸುಬೇದಾರರು ಅನ್ನುತ್ತಿತ್ತು. ಮರಳುಗಾಡಿನಲ್ಲಿ ಜರ್ಮನಿಯ ದೊಡ್ಡ ಅಧಿಕಾರಿಯೊಬ್ಬನ ಜೊತೆ ಕೈ ಕೈ ಮಿಲಾಯಿಸಿ, ಅವನ ಬಾಕನ್ನು ಕಿತ್ತುಕೊಂಡ ಕಥೆಯನ್ನು ಊರಿನ ಮಕ್ಕಳೆಲ್ಲ ಬಾಯಿಪಾಠ ಹೇಳುತ್ತಿದ್ದರು. ಅವರ ಮಗಳಿಗೆ ಹೊರಕೆರೆದೇವಪುರದಿಂದ ಗಂಡು ಬಂತು. ಹುಡುಗ ಹುಡುಗಿ ಇಬ್ಬರಿಗೂ ಒಪ್ಪಿಗೆ. ತಕರಾರು ತೆಗೆದದ್ದು ಹುಡುಗನ ತಂದೆ.

"ಆ ಬಾಕು ಅಸಲಿನಾ? ಅದು ಸುಳ್ಳಾದ್ರೆ ಈ ಮನೆ ಮಾತೆಲ್ಲ ಸುಳ್ಳು. ಸುಳ್ಳಿನ ಮನೆ ಸಂಬಂಧ ನಮಗೆ ಬ್ಯಾಡ."

ಹಾಗಾಗಿ ನನಗೆ ಕರೆ ಬಂತು. ನಡುಮನೆಯಲ್ಲಿ ಎರಡೂ ಕಡೆಯವರು ಕೂತಿದ್ದರು. ಬಾಗಿಲ ಮರೆಯಲ್ಲಿ ಹುಡುಗಿ ನಿಂತಿದ್ದಳು. ಒರೆಯಿಂದ ಬಾಕು ತೆಗೆದೆ, ಅಷ್ಟೇ. ಅಂಥ ಅಲಗನ್ನು ನಾನು ಹಿಂದೆ ಕಂಡಿರಲಿಲ್ಲ. ಗುಲಾಬಿ ಎಸಳಿನ ಹಾಗೆ ಸುರುಳಿ ಸುರುಳಿ ಗೆರೆ, ಅಂಚು ದಾಟಿ ಆಚೆಗೂ ಹರಿದಿತ್ತು. ನಾನು ಆ ಮನೆಯನ್ನೂ ಮದುವೆಯನ್ನೂ ಮರೆತು ಎಲ್ಲೋ ಹೋಗಿಬಿಟ್ಟೆ.

"ಏನ್ರಿ, ಅಸಲಿನಾ?" ಹುಡುಗನ ತಂದೆ ಗದರಿದರು.

"ಅಪ್ಪಟ ಅಸಲಿ!" ಅಂದೆ. ಎಲ್ಲರ ಮುಖ ಅರಳಿತು. ಅಲ್ಲಿಗೆ ಸುಮ್ಮನಾಗಬೇಕಿತ್ತು. ಆದರೆ ನಾನಿನ್ನೂ ಕನಸಿನಲ್ಲೇ ಇದ್ದೆ. "ಎಷ್ಟು ಚೆಂದ ನೋಡ್ರಿ! ಇದು ಸಮಾರಂಭಕ್ಕೆ ಸೊಂಟಕ್ಕೆ ಕಟ್ಕಳ್ಳೋ ಬಾಕು. ಅಂಚಿಗೆ ಸಾಣೆಯನ್ನೇ ಹಿಡಿದಿಲ್ಲ. ಇದರಲ್ಲಿ ಯಾರೂ ಯಾವತ್ತೂ ಹೊಡೆದಾಡೇ ಇಲ್ಲ."

ಎಲ್ಲರೂ ಸುಬೇದಾರರ ಕಡೆ ನೋಡಿದರು. ಅವರು ಮೀಸೆ ಮುಟ್ಟಿಕೊಂಡರು, ಆಮೇಲೆ ಕೈ ಕೆಳಗಿಳಿಸಿದರು. ಅವರ ಹೆಂಡತಿ ಒಳಗಿನಿಂದಲೇ ಕೂಗಿದರು: "ಇನ್ನೇನು ಮುಚ್ಚಿಡ್ತೀರಿ? ಹೇಳ್ಬಿಡ್ರಿ!"

"ನಾನು ಸುಬೇದಾರನಲ್ಲ," ಅಂದರು ಅವರು. "ಪಲ್ಟನ್ನಿನಾಗೆ ಅಡಿಗೆ ಮಾಡ್ತಿದ್ದೆ. ಸೆರೆ ಸಿಕ್ಕ ಜರ್ಮನಿಯೋರಿಗೆ ಊಟ ಹಾಕೋ ಕೆಲಸ ಬಂತು. ಒಬ್ಬ ದೊಡ್ಡ ಅಧಿಕಾರಿ ಕಂಬಳಿಯೊಳಗೆ ಇದನ್ನ ಬಚ್ಚಿಟ್ಕಂಡಿದ್ದ. ನಾನು ದಿನಾ ಅವನಿಗೆ ನಮ್ಮೂರ ಸಾರು ಬಡಿಸ್ತಿದ್ದೆ. ಒಂದಿನ ಕಣ್ಣೀರು ಹಾಕ್ಕಂಡು, ಈ ಬಾಕು ನನ್ನ ಕೈಗಿಟ್ಟು, ಕೈ ಮುಗಿದ."

ಬಾಗಿಲ ಮರೆಯಲ್ಲಿ ಹುಡುಗಿ ಬಿಕ್ಕಿದ್ದು ಕೇಳಿಸಿತು. ಹುಡುಗನ ತಂದೆ ಎದ್ದು ನಿಂತರು. ಸಂಬಂಧ ಮುರಿಯಿತು ಅಂದುಕೊಂಡೆ. ನಾಲಿಗೆ ಕಚ್ಚಿಕೊಂಡೆ. ಅವರು ಹೋಗಿ ಸುಬೇದಾರರ ಎರಡೂ ಕೈ ಹಿಡಿದುಕೊಂಡರು.

"ಜರ್ಮನಿಯೋನು ಕಣ್ಣೀರು ಹಾಕಿ ಬಾಕು ಕೊಟ್ಟ ಅಂದ್ರೆ ಆ ಸಾರು ಹೆಂಗಿರಬೇಕ್ರಿ! ಹೊಡೆದಾಟ ಯಾರು ಬೇಕಾದ್ರೂ ಮಾಡ್ತಾರೆ. ಬೀಗ್ರೇ, ಮದುವೆಗೆ ಬೇರೆ ಅಡಿಗೆಯೋರು ಬ್ಯಾಡ. ಸಾರು ನೀವೇ ಮಾಡ್ಬೇಕು!"

ಮದುವೆ ಚೆನ್ನಾಗಿ ಆಯಿತು. ನನ್ನನ್ನು ಬೀಗರ, ಅಂದರೆ ಹುಡುಗನ ತಂದೆಯ ಪಕ್ಕದಲ್ಲೇ ಕೂರಿಸಿ ಎಲೆ ಹಾಕಿದರು. ಸುಬೇದಾರರು ಖುದ್ದು ಬಂದು ಸಾರು ಬಡಿಸಿದರು. ಬೀಗರು ಒಂದು ತುತ್ತು ಬಾಯಿಗಿಟ್ಟರು. ನಾನೂ ಇಟ್ಟೆ. ಇಬ್ಬರ ಕಣ್ಣಿನಿಂದಲೂ ನೀರು ಧಾರಾಕಾರ ಇಳಿಯಿತು. ಕಿವಿಯಲ್ಲಿ ಗುಂಯ್ ಅಂತ ಸದ್ದು, ಚಪ್ಪರವೆಲ್ಲ ಅಲೆ ಅಲೆಯಾಗಿ ತೇಲಿತು. ಸುಬೇದಾರರು ಸೌಟು ಹಿಡಿದು ಮತ್ತೆ ನಮ್ಮ ಕಡೆಗೇ ಬರುತ್ತಿದ್ದರು.

ಬೀಗರು ನನ್ನ ಕಿವಿಗೆ ಬಗ್ಗಿ, ನೀರಿನ ಲೋಟಕ್ಕೆ ತಡಕಾಡುತ್ತ ಅಂದರು: "ಸಾ, ಆ ಜರ್ಮನಿಯೋನು ಬಾಕು ಕೊಟ್ಟಿದ್ದು ಸಾರು ಇನ್ನೊಂಚೂರು ಹಾಕು ಅಂತಲ್ಲ. ಇನ್ನು ಸಾಕು ಅಂತ!"