ಹಾರಕ್ಕೊಂದು ಫೋಟೋ

ನಮ್ಮ ಸೋದರಮಾವ ಕೊಲೆಗೊಂದು ಒಳ್ಳೆಯ ಮನೆ ಹುಡುಕುತ್ತಾ ಇಡೀ ಜೋಗುಪಾಳ್ಯ ಸುತ್ತಿದ. ಫ್ರಿಜ್ ರಿಪೇರಿಗೆ ಹೋದಲ್ಲೆಲ್ಲ, "ಮೇಡಂ, ನಿಮ್ಮ ಹಾಲ್‌ನಲ್ಲಿ ಹೆಣ ಬೀಳ್ಸಿದ್ರೆ ಸೂಪರಾಗಿರತ್ತೆ" ಎಂದು ಹೊಗಳುತ್ತಿದ್ದ. ಗಿರಾಕಿಗಳು ಉಳಿಯುತ್ತಾರೆಯೇ? ಅವನ ಕ್ರೈಮ್ ಥ್ರಿಲ್ಲರಿಗೆ ಕ್ಯಾಮೆರಾ ನನ್ನ ಫೋನು, ಕ್ಯಾಮೆರಾಮನ್ ನಾನು. ಕಲಿತದ್ದೆಲ್ಲ ವಿಡಿಯೋ ನೋಡಿ.

ಕೊಲೆಗಾರ ಯಾರೆಂದು ಮಾವ ನಟರಿಗೂ ಹೇಳಲಿಲ್ಲ. ಹೇಳಿದರೆ ಮುಖದಲ್ಲಿ ಗೊತ್ತಾಗಿಬಿಡುತ್ತದಂತೆ. ಹಾಗಾಗಿ ಎಲ್ಲರೂ, ಪಕ್ಕದ ಮನೆಯವಳ ಪಾತ್ರ ಮಾಡುತ್ತಿದ್ದ ನನ್ನ ಅಮ್ಮನೂ, ತಾವೇ ಕೊಂದಿರಬಹುದೆಂಬ ಭಯದಲ್ಲೇ ಓಡಾಡುತ್ತಿದ್ದರು.

"ಲೋ, ನಿಜ ಹೇಳು. ನಾನೇನಾ ಸಾಯ್ಸಿದ್ದು?" ಎಂದು ಅಮ್ಮ ಸೊಪ್ಪು ಬಿಡಿಸುತ್ತಾ ಕೇಳಿದಳು.

"ಇಷ್ಟ್ ಹೆದರ್ಕೊಂಡಿದ್ದೀಯಲ್ಲಾ ಅಕ್ಕಾ, ಈಗ ನಂಗೂ ಡೌಟು."

ಹಲಸೂರು ಮಾರ್ಕೆಟ್ಟಿನಲ್ಲಿ ಚೇಸ್ ತೆಗೆಯುವಾಗ, ಓಡುತ್ತಿದ್ದ ನನ್ನ ಗೆಳೆಯನ ಕಾಲರನ್ನು ಹೂವು ಮಾರುವಾಕೆ ಹಿಡಿದು, "ಯಾರ್ ಸರ ಕಿತ್ಕೊಂಡ್ ಓಡ್ತಿದ್ದೀಯಾ?" ಎಂದು ಬುಟ್ಟಿಯಲ್ಲೇ ಬಾರಿಸಿದಳು. ಬಿಡಿಸಲು ಹೊರಟ ನನ್ನನ್ನು ಮಾವ ತಡೆದ: "ಇರು ಮಗಾ, ರಿಯಲ್ಲಾಗ್ ಬರ್ತಿದೆ."

ಕೊನೆಗೆ ನಮ್ಮ ಬೀದಿಯಲ್ಲೇ ಒಂದು ಖಾಲಿ ಮನೆ ಸಿಕ್ಕಿತು, ಒಂದೇ ದಿನಕ್ಕೆ. ಸಂಜೆ ಹೊಸ ಬಾಡಿಗೆಯವರು ಹಾಲುಕ್ಕಿಸಲು ಬರುತ್ತಾರೆ. ಅಷ್ಟರಲ್ಲಿ ಹೆಣ, ರಕ್ತ, ಪೊಲೀಸ್ ಎಲ್ಲ ಖಾಲಿಯಾಗಬೇಕು. ನನ್ನ ಕಣ್ಣು ಬಾಗಿಲ ಮೇಲೇ. ಉಳಿದದ್ದು ಒಂದೇ ಶಾಟ್: ಕೊಲೆಯಾದ ಓನರಮ್ಮನ ಫೋಟೋ, ಅದಕ್ಕೆ ಹಾರ. ಅದಿಲ್ಲದೆ ಸಿನಿಮಾ ಮುಗಿಯುವುದಿಲ್ಲ.

ಬೆಳಿಗ್ಗೆಯಿಂದ ಬೋರಲು ಬಿದ್ದು ಹೆಣವಾಗಿದ್ದ ಟೈಲರ್ ಆಂಟಿ ಎದ್ದು ಕೂತರು. "ಸಾಯ್ತೀನಿ ಅಂತ ಒಪ್ಕೊಂಡಿದ್ದೆ. ಬದುಕಿರೋರ್ ಫೋಟೋಗ್ ಹಾರ ಹಾಕ್ತಾರೇನ್ರೀ?" ಎಂದು ರಕ್ತ ಒರೆಸಿಕೊಂಡು ಹೊರಟೇಬಿಟ್ಟರು. ಅಮ್ಮ, ಕೇಳುವ ಮೊದಲೇ, "ನನ್ ಕಡೆ ನೋಡ್ಲೇಬೇಡ" ಎಂದಳು.

ಕಿಟಕಿಯ ಬೆಳಕು ಇಳಿಯುತ್ತಿತ್ತು. ಗಾಬರಿಯಲ್ಲಿ ನನ್ನ ಬಾಯಿಂದ ಬಂದುಬಿಟ್ಟಿತು: "ಮಾವಾ, ಅತ್ತೆ ಫೋಟೋ ಇದ್ಯಲ್ಲಾ ಮನೇಲಿ?"

ಅತ್ತೆ ಹೋಗಿ ಆಗ ವರ್ಷ ದಾಟಿತ್ತು. ಮಾವ ಕೈಯಲ್ಲಿದ್ದ ಹಾರವನ್ನು ನೋಡುತ್ತಾ ನಿಂತ.

"ಅವ್ಳಿಗೇ ಇನ್ನೂ ಹಾಕಕ್ಕಾಗಿಲ್ಲ ಕಣೋ ನಂಗೆ."

ಅಮ್ಮ ಸರಸರನೆ ನಮ್ಮ ಮನೆಗೆ ಹೋಗಿ, ಷೋಕೇಸಿನಲ್ಲಿದ್ದ ತನ್ನ ಫೋಟೋ ತಂದು ತಮ್ಮನ ಕೈಗಿಟ್ಟಳು.

"ನೀನು ಪಕ್ಕದ್ಮನೆಯವಳಲ್ವಾ ಅಕ್ಕಾ?"

"ಸತ್ತೋಳು ಅವ್ಳ ಅವಳಿ ಅಕ್ಕ ಅಂತ ಮಾಡ್ಕೋ. ಬೇಗ ತೆಗೀರಿ, ಅವ್ರು ಬರ್ತಾರೆ."

ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಅಮ್ಮ ನಗುತ್ತಿದ್ದಳು. ನಾನು ಫೋಕಸ್ ಮಾಡಬೇಕಿತ್ತು. ಒಂದು ಕೈಯಲ್ಲಿ ಫೋನು. ಇನ್ನೊಂದು ಕೈ, ಪಕ್ಕದಲ್ಲಿ ನಿಂತಿದ್ದ ಅವಳ ಸೆರಗನ್ನು ಯಾವಾಗ ಹಿಡಿದುಕೊಂಡಿತೋ.

ಶಾಟ್ ಪೂರ್ತಿ ಅಲುಗಾಡಿದೆ. ಪ್ರತಿಯೊಂದಕ್ಕೂ "ಒನ್ ಮೋರ್" ಅನ್ನುವ ಮಾವ ಅವತ್ತು ಅನ್ನಲಿಲ್ಲ.